ಸಂಧಾನದ ಬಾಗಿಲಲ್ಲಿ ನಿಂತವರು

ಆಫ್ರಿಕ ಖಂಡದ ಪಶ್ಚಿಮ ಕರಾವಳಿಯಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಮುಖಮಾಡಿ ನಿಂತ ಲೈಬೀರಿಯ ಎಂಬ ಸಣ್ಣ ದೇಶವೊಂದುಂಟು. ಅಮೆರಿಕದ ದಾಸ್ಯದಿಂದ ಬಿಡುಗಡೆ ಹೊಂದಿದ ಕಪ್ಪು ಜನರಲ್ಲಿ ಕೆಲವರು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅಲ್ಲಿಗೆ ಬಂದು ನೆಲೆಸಿ, 1847ರಲ್ಲಿ ಅದನ್ನು ಸ್ವತಂತ್ರ ಗಣರಾಜ್ಯವೆಂದು ಸಾರಿದರು. ಆದರೆ ಹೀಗೆ ಬಂದು ನೆಲೆಸಿದವರಿಗೂ ಮೊದಲಿನಿಂದ ಅಲ್ಲಿ ಬಾಳುತ್ತಿದ್ದ ಬುಡಕಟ್ಟುಗಳ ಜನರಿಗೂ ನಡುವೆ ಬೆಳೆದ ವೈಷಮ್ಯವು ಬಹುಕಾಲ ಒಳಗೊಳಗೇ ಹೊಗೆಯಾಡುತ್ತಿದ್ದು, 1980ರ ಸೈನಿಕ ಕ್ರಾಂತಿಯಲ್ಲಿ ಮೊದಲು ಭುಗಿಲೆದ್ದು, 1989ರ ಡಿಸೆಂಬರಿನಲ್ಲಿ ಚಾರ್ಲ್ಸ್ ಟೇಲರ್ ಎಂಬಾತನು ತನ್ನ ಸಶಸ್ತ್ರ ದಂಡಿನೊಡನೆ ಗಡಿ ದಾಟಿ ಒಳನುಗ್ಗಿದಾಗ ಅಂತರ್ಯುದ್ಧದ ರೂಪವನ್ನು ತಾಳಿತು. ಆ ಯುದ್ಧವು ಒಮ್ಮೆ ನಿಂತು, 1997ರ ಚುನಾವಣೆಯಲ್ಲಿ ಟೇಲರನೇ ಅಧ್ಯಕ್ಷನಾಗಿ, ಎರಡು ವರ್ಷ ಕಳೆಯುವುದರೊಳಗೆ ಮತ್ತೆ ಹೊತ್ತಿಕೊಂಡಿತು. ಸುಮಾರು ಮೂವತ್ತು ಲಕ್ಷ ಜನರಿದ್ದ ದೇಶದಲ್ಲಿ ಎರಡೂವರೆ ಲಕ್ಷದಷ್ಟು ಜನ ಈ ಎರಡು ಯುದ್ಧಗಳಲ್ಲಿ ಅಳಿದರೆಂದು ಅಂದಾಜು. ಹತ್ತು ಹನ್ನೆರಡು ವರ್ಷದ ಹುಡುಗರ ಕೈಗೆ ಬಂದೂಕು ಕೊಟ್ಟು, ಮಾದಕದ್ರವ್ಯ ತಿನ್ನಿಸಿ, ಅವರಿಂದಲೇ ಅವರ ಊರುಗಳನ್ನು ಸುಡಿಸಿದರು. ಹೆಂಗಸರ ಮೇಲೆ ನಡೆದ ಅತ್ಯಾಚಾರವಂತೂ ಯುದ್ಧದಲ್ಲಿ ಅಕಸ್ಮಾತ್ತಾಗಿ ಒದಗಿದ ಅನರ್ಥವಾಗಿರದೆ, ಯುದ್ಧ ಮಾಡುವ ಒಂದು ವಿಧಾನವೇ ಆಗಿಹೋಯಿತು.

ಈ ದೇಶದ ರಾಜಧಾನಿಯಾದ ಮನ್ರೋವಿಯದಲ್ಲಿ ಲೇಮಾ ಗ್ಬೋವೀ ಎಂಬ ಒಬ್ಬ ತಾಯಿಯಿದ್ದರು. ಮೊದಲನೆಯ ಯುದ್ಧ ಬಂದಾಗ ಆಕೆಗೆ ಹದಿನೇಳು ವರ್ಷ. ಓದು ಕಡಿದುಹೋಗಿ, ನಿರಾಶ್ರಿತೆಯಾಗಿ ಅಲೆದು, ಎಳೆಯ ಮಕ್ಕಳನ್ನು ಕಟ್ಟಿಕೊಂಡು ಕಷ್ಟದ ಸಂಸಾರವೊಂದರಿಂದ ಹೊರಬಂದ ಆಕೆ, ಬಂದೂಕು ಹಿಡಿದಿದ್ದ ಹುಡುಗರ ಮನಸ್ಸಿನ ಗಾಯಗಳಿಗೆ ಶುಶ್ರೂಷೆ ಮಾಡುವ ಕೆಲಸದಲ್ಲಿ ತೊಡಗಿದ್ದರು. ಆ ಹುಡುಗರ ಬಾಯಿಂದ ಅವರು ಮಾಡಿದುದನ್ನೂ ಅವರಿಗೆ ಇತರರು ಮಾಡಿದುದನ್ನೂ ದಿನದಿನವೂ ಕೇಳಿ ಕೇಳಿ, ಈ ಸಮಾಜವು ಬದುಕಬೇಕಾದರೆ ತಾಯಂದಿರೇ ಮುಂದೆ ಬರಬೇಕೆಂಬ ನಿಶ್ಚಯಕ್ಕೆ ಆಕೆ ಬಂದರು. 2002ರಲ್ಲಿ ಮನ್ರೋವಿಯದ ಲೂಥರನ್ ಚರ್ಚಿನಲ್ಲಿ ಕ್ರೈಸ್ತ ಮಹಿಳೆಯರ ಪ್ರಾರ್ಥನಾಸಭೆಗಳಿಂದ ಆರಂಭವಾದ ಈ ಪ್ರಯತ್ನವು ಅಲ್ಲಿಗೇ ನಿಂತಿದ್ದರೆ, ಬಹುಶಃ ಇಂದು ಅದರ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಅಂಥದೊಂದು ಸಭೆಯಲ್ಲಿ ಅಸಾತು ಬಾ ಕೆನೆತ್ ಎಂಬ, ಪೊಲೀಸು ಇಲಾಖೆಯಲ್ಲಿ ಅಧಿಕಾರಿಯಾಗಿದ್ದ ಮುಸ್ಲಿಂ ಮಹಿಳೆಯೊಬ್ಬರು ಎದ್ದುನಿಂತು, ಈ ಕೆಲಸಕ್ಕೆ ತಮ್ಮ ಮತದ ಹೆಂಗಸರನ್ನೂ ಕರೆತರುವೆನೆಂದು ಮಾತುಕೊಟ್ಟರು. ಚರ್ಚಿಗೆ ಹೋಗುವವರು ಮುಸಲ್ಮಾನರೊಡನೆ ಹೇಗೆ ಬೆರೆಯುವುದೆಂಬ ಅಳುಕು ಕೆಲವರಲ್ಲಿ ತಲೆದೋರದೆ ಇರಲಿಲ್ಲ. ಆದರೆ ಹಾರಿಬರುವ ಗುಂಡಿಗೆ ಮತಭೇದವಿಲ್ಲವೆಂಬ ಸರಳವಾದ ಸತ್ಯದ ಮುಂದೆ ಆ ಅಳುಕು ನಿಲ್ಲಲಿಲ್ಲ.

2003ರ ಏಪ್ರಿಲ್ ತಿಂಗಳಲ್ಲಿ ಈ ಹೆಂಗಸರು ಮನ್ರೋವಿಯದ ಮೀನುಮಾರುಕಟ್ಟೆಯ ಪಕ್ಕದ ಬಯಲಿಗೆ ಬಂದು ಕುಳಿತರು. ಅಧ್ಯಕ್ಷ ಟೇಲರನ ವಾಹನಗಳು ದಿನಕ್ಕೆರಡು ಬಾರಿ ಹಾದುಹೋಗುತ್ತಿದ್ದ ದಾರಿಯದು. ಆ ಸ್ಥಳವನ್ನು ಅವರು ಆರಿಸಿಕೊಂಡುದು ಅದಕ್ಕಾಗಿಯೇ. ಎಲ್ಲರೂ ಬಿಳಿಯ ಬಟ್ಟೆ ಉಟ್ಟು, ಒಡವೆಗಳನ್ನು ತೆಗೆದಿಟ್ಟು, ತಲೆಗೆ ಬಿಳಿಯ ವಸ್ತ್ರ ಕಟ್ಟಿ, ಸುಡುವ ಬಿಸಿಲಿನಲ್ಲಿಯೂ ಆ ತೀರದ ಘೋರವಾದ ಮಳೆಯಲ್ಲಿಯೂ ಕದಲದೆ, ವಾರಗಟ್ಟಲೆ ಅಲ್ಲಿಯೇ ಕುಳಿತು ಹಾಡಿದರು, ಪ್ರಾರ್ಥಿಸಿದರು. ಯುದ್ಧ ನಿಲ್ಲುವವರೆಗೆ ಗಂಡಂದಿರೊಡನೆ ಸಂಸರ್ಗ ಬೇಡವೆಂಬ ನಿರ್ಧಾರವನ್ನೂ ಅವರಲ್ಲಿ ಹಲವರು ಕೈಗೊಂಡುದುಂಟು. ಹೊರದೇಶದ ಪತ್ರಿಕೆಗಳು ಈ ವಿಷಯವನ್ನು ಅತಿ ಕುತೂಹಲದಿಂದ ಎತ್ತಿಕೊಂಡವು. ಆದರೆ ಅದರಿಂದ ಪ್ರಚಾರ ದೊರೆತುದೇ ಹೆಚ್ಚೆಂದು ಗ್ಬೋವೀ ಅವರೇ ಮುಂದೆ ಹೇಳಿದ್ದಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಆ ಚಳವಳಿಯ ನಿಜವಾದ ಬಲವಿದ್ದುದು ದಿನವೂ ಬೆಳಗಾಗೆದ್ದು ಅದೇ ಬಯಲಿಗೆ ಬಂದು ಕೂರುವ ಆ ದೀರ್ಘ ಸಹನೆಯಲ್ಲಿ. ಪ್ರತಿಭಟನೆಯ ಸಭೆ ಸೇರಿದರೆ ಶಿಕ್ಷೆಯುಂಟೆಂದು ಸರ್ಕಾರ ಬೆದರಿಸಿದ್ದ ಊರಿನಲ್ಲಿ, ಮನೆಯಲ್ಲಿ ಅನ್ನಕ್ಕೆ ಗತಿಯಿಲ್ಲದ ಹೆಂಗಸರು ಈ ಸಹನೆಯನ್ನು ತೋರಿದರೆಂಬುದನ್ನು ನಾವು ಮರೆಯಲಾಗದು.

ಕಡೆಗೆ ಏಪ್ರಿಲ್ 23ರಂದು ಟೇಲರನು ಅವರನ್ನು ಕಾಣಲೊಪ್ಪಿದನು. ಅಧ್ಯಕ್ಷಭವನದಲ್ಲಿ ಗ್ಬೋವೀ ತಮ್ಮ ಮನವಿಯನ್ನು ಓದಿದಾಗ, ಅದನ್ನು ಸೆನೆಟ್ಟಿನ ಅಧ್ಯಕ್ಷೆಯಾಗಿದ್ದ ಗ್ರೇಸ್ ಮೈನರ್ ಎಂಬಾಕೆಯನ್ನು ಉದ್ದೇಶಿಸಿ ಓದಿ, ನಮ್ಮ ಮಾತನ್ನು ಅಧ್ಯಕ್ಷರಿಗೆ ನೀವು ತಲುಪಿಸಿರೆಂದು ಕೇಳಿಕೊಂಡರು. ಅಲ್ಲಿ ಕುಳಿತಿದ್ದ ಸರ್ಕಾರದವರಲ್ಲಿ ಹೆಣ್ಣೆಂಬವರು ಆಕೆಯೊಬ್ಬರೇ. ಸಂಧಾನಕ್ಕೆ ಹೋಗುವೆನೆಂಬ ಮಾತು ಟೇಲರನಿಂದ ಹೊರಟಿತು. ಅದಾದ ಮೇಲೆ ಈ ಮಹಿಳೆಯರಲ್ಲಿ ಕೆಲವರು ನೆರೆಯ ಸಿಯೆರಾ ಲಿಯೋನಿಗೆ ಹೋಗಿ, ಬಂಡುಕೋರರ ಮುಖಂಡರು ಇಳಿದಿದ್ದ ಹೋಟೆಲಿನ ಮುಂದೆ ನಿಂತು, ಅವರಿಂದಲೂ ಅದೇ ಮಾತನ್ನು ಪಡೆದರು. ಹಣವಿಲ್ಲದೆ, ಅಧಿಕಾರವಿಲ್ಲದೆ, ಯಾವ ರಾಷ್ಟ್ರದ ರಾಯಭಾರಿಯ ಪರಿಚಯಪತ್ರವೂ ಇಲ್ಲದೆ, ಪರಸ್ಪರ ಮುಖ ನೋಡಲೊಲ್ಲದ ಎರಡು ಪಕ್ಷಗಳನ್ನು ಮಾತುಕತೆಗೆ ಒಪ್ಪಿಸಲು ಹೀಗೆ ಅವರು ಹೆಣಗಿದರು.

ಜೂನ್ 4ರಂದು ಘಾನಾ ದೇಶದ ರಾಜಧಾನಿಯಾದ ಆಕ್ರಾದಲ್ಲಿ ಸಂಧಾನಸಭೆ ಆರಂಭವಾಯಿತು. ಸಿಯೆರಾ ಲಿಯೋನಿನ ವಿಶೇಷ ನ್ಯಾಯಾಲಯವು ಟೇಲರನ ಮೇಲೆ ಯುದ್ಧಾಪರಾಧದ ಆರೋಪಪಟ್ಟಿಯನ್ನು ಬಹಿರಂಗಪಡಿಸಿದುದೂ ಅದೇ ದಿನ. ಸುದ್ದಿ ಕಿವಿಗೆ ಬಿದ್ದೊಡನೆ ಆತನು ವಿಮಾನವೇರಿ ಮನ್ರೋವಿಯಕ್ಕೆ ಹಿಂದಿರುಗಿಬಿಟ್ಟನು. ಉಳಿದ ಪ್ರತಿನಿಧಿಗಳು ಹೋಟೆಲಿನ ಸುಖದಲ್ಲಿದ್ದುಕೊಂಡು, ಕದನವಿರಾಮಕ್ಕೆ ಜೂನ್ 17ರಂದು ಸಹಿಮಾಡಿ ಅದು ಮುರಿದುಬೀಳುವುದನ್ನು ನೋಡಿ, ಮುಂದಿನ ಸರ್ಕಾರದಲ್ಲಿ ಯಾವ ಖಾತೆ ಯಾರಿಗೆಂಬ ಚೌಕಾಸಿಯಲ್ಲಿ ವಾರಗಳನ್ನು ಕಳೆದರು. ಇತ್ತ ಮನ್ರೋವಿಯದ ಮೇಲೆ ಫಿರಂಗಿಯ ಗುಂಡುಗಳು ಬೀಳುತ್ತಿದ್ದವು. ಲೈಬೀರಿಯದಿಂದ ಬಂದಿದ್ದ ಮಹಿಳೆಯರೂ, ಘಾನಾದ ನಿರಾಶ್ರಿತರ ಶಿಬಿರದಲ್ಲಿದ್ದ ಲೈಬೀರಿಯದ ಹೆಂಗಸರೂ ಸಭಾಭವನದ ಹೊರಗೆ ಹುಲ್ಲಿನ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದರು. ಒಳಗೆ ಅವರಿಗೆ ಪೀಠವಿರಲಿಲ್ಲ.

ಜುಲೈ 21ರಂದು, ತಮ್ಮ ಊರಿನಲ್ಲಿ ಮತ್ತಷ್ಟು ಜನ ಸತ್ತ ಸುದ್ದಿ ಬಂದಾಗ, ಅವರ ಸಹನೆ ತೀರಿತು. ಸುಮಾರು ಇನ್ನೂರು ಮಂದಿ ಹೆಂಗಸರು ಸಭಾಂಗಣದ ಬಾಗಿಲ ಮುಂದೆ ಕೈಗೆ ಕೈ ಹೆಣೆದು ಕುಳಿತು, ಒಪ್ಪಂದವಾಗದೆ ಒಳಗಿನವರು ಹೊರಗೆ ಬರಕೂಡದೆಂದು ಸಾರಿದರು. ಅವರನ್ನು ಬಂಧಿಸಲು ಕಾವಲಿನವರು ಬಂದಾಗ, ಗ್ಬೋವೀ ತಮ್ಮ ಮೈಮೇಲಿನ ವಸ್ತ್ರವನ್ನು ಕಳಚತೊಡಗಿದರು. ಪಶ್ಚಿಮ ಆಫ್ರಿಕದ ಜನರ ನಂಬಿಕೆಯಲ್ಲಿ ತಾಯಾದವಳು ಬೇಕೆಂದೇ ವಿವಸ್ತ್ರಳಾಗುವುದೆಂದರೆ ಅದನ್ನು ಕಂಡ ಗಂಡಸರ ಮೇಲೆ ಬೀಳುವ ಮಹಾಶಾಪ. ಕಾವಲಿನವರು ಹಿಂದೆ ಸರಿದರು. ಮಧ್ಯಸ್ಥರಾಗಿದ್ದ ನೈಜೀರಿಯದ ಮಾಜಿ ಅಧ್ಯಕ್ಷ ಜನರಲ್ ಅಬ್ದುಲ್‌ಸಲಾಮಿ ಅಬೂಬಕರ್ ಹೊರಗೆ ಬಂದು ಆ ಮಹಿಳೆಯರೊಡನೆ ಮಾತನಾಡಿ, ಸಭೆಯನ್ನು ಗಂಭೀರವಾಗಿ ನಡೆಸುವೆನೆಂದು ವಚನವಿತ್ತ ತರುವಾಯವೇ ಬಾಗಿಲು ತೆರೆಯಿತು. ಆಗಸ್ಟ್ 11ರಂದು ಟೇಲರನು ಪದವಿಯನ್ನು ತ್ಯಜಿಸಿ ನೈಜೀರಿಯಕ್ಕೆ ತೆರಳಿದನು. ಆಗಸ್ಟ್ 18ರಂದು ಆಕ್ರಾದಲ್ಲಿ ಶಾಂತಿಯ ಒಡಂಬಡಿಕೆಗೆ ಸಹಿ ಬಿತ್ತು.

ಯುದ್ಧವನ್ನು ನಿಲ್ಲಿಸಿದವರು ಈ ಮಹಿಳೆಯರು ಮಾತ್ರವೇ ಎಂದು ಹೇಳಿದರೆ ಅದು ಇತಿಹಾಸಕ್ಕೆ ಅಪಚಾರವಾದೀತು. ನ್ಯಾಯಾಲಯದ ಆರೋಪಪಟ್ಟಿ, ರಾಜಧಾನಿಯ ಬಾಗಿಲಿಗೆ ಬಂದ ಬಂಡುಕೋರರ ಪಡೆ, ನೆರೆಯ ರಾಷ್ಟ್ರಗಳ ಸೈನ್ಯದ ಆಗಮನ, ಅಮೆರಿಕದ ಒತ್ತಾಯ, ಇವೆಲ್ಲವೂ ಕೂಡಿ ಟೇಲರನನ್ನು ಕೆಳಗಿಳಿಸಿದವು. ಆದರೆ ಮಾತುಕತೆಯನ್ನು ಮಾತುಕತೆಯಾಗಿಸಿದವರು, ಸಾಯುತ್ತಿರುವವರ ನೆನಪನ್ನು ಒಳಗೆ ಕುಳಿತವರಿಗೆ ತಂದುಕೊಟ್ಟವರು, ಅವರೇ. ಹಾಗಿದ್ದೂ ಒಡಂಬಡಿಕೆಯನ್ನು ತೆರೆದು ನೋಡಿದರೆ ಏನು ಕಾಣುತ್ತದೆ? ಮಧ್ಯಂತರ ಸರ್ಕಾರದ ಇಪ್ಪತ್ತೊಂದು ಮಂತ್ರಿಪದವಿಗಳಲ್ಲಿ ಹಿಂದಿನ ಸರ್ಕಾರದವರಿಗೆ ಐದು, ಒಂದು ಬಂಡುಕೋರ ಗುಂಪಿಗೆ ಐದು, ಇನ್ನೊಂದು ಗುಂಪಿಗೆ ಐದು. ಮನ್ರೋವಿಯವನ್ನು ಸುಟ್ಟವರೆಲ್ಲರಿಗೂ ಪಾಲು ಸಿಕ್ಕಿತು; ಮೀನುಮಾರುಕಟ್ಟೆಯ ಬಯಲಿನಲ್ಲಿ ಕುಳಿತವರಿಗೆ ಅಂಥ ಪಾಲೊಂದನ್ನು ಯಾರೂ ಗೊತ್ತುಮಾಡಲಿಲ್ಲ.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ವಿಷಯವು ಇಲ್ಲಿಯೇ ಇದೆ. ಸಂಧಾನಸಭೆಗೆ ಯಾರನ್ನು ಕರೆಯಬೇಕೆಂಬುದಕ್ಕೆ ಪ್ರಪಂಚದಲ್ಲಿ ನಡೆದುಬಂದ ರೂಢಿ ಒಂದೇ: ಯಾರ ಕೈಯಲ್ಲಿ ಬಂದೂಕಿದೆಯೋ ಅವರನ್ನು ಕರೆಯತಕ್ಕದ್ದು. ಕೊಲ್ಲುವುದನ್ನು ನಿಲ್ಲಿಸಬಲ್ಲವನು ಕೊಲ್ಲುತ್ತಿರುವವನೇ ಆದುದರಿಂದ ಈ ರೂಢಿಗೆ ಮೇಲುನೋಟಕ್ಕೆ ತರ್ಕವೊಂದುಂಟು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗುಂಡು ಹಾರಿಸುವುದನ್ನು ನಿಲ್ಲಿಸುವುದು ಕೆಲಸದ ಮೊದಲ ಅಂಶ ಮಾತ್ರ. ಸುಟ್ಟ ಶಾಲೆಯನ್ನು ಯಾರು ಕಟ್ಟಬೇಕು, ಓಡಿಹೋದವರ ಭೂಮಿ ಯಾರಿಗೆ ಸೇರಬೇಕು, ಬಂದೂಕು ಕೆಳಗಿಟ್ಟ ಹುಡುಗ ಯಾವ ಮನೆಗೆ ಹಿಂದಿರುಗಬೇಕು, ಅತ್ಯಾಚಾರಕ್ಕೆ ಗುರಿಯಾದವಳು ಯಾವ ನ್ಯಾಯಾಲಯದ ಮೆಟ್ಟಿಲು ಹತ್ತಬೇಕೆಂಬ ಪ್ರಶ್ನೆಗಳೆಲ್ಲವೂ ಅದೇ ಮೇಜಿನ ಮೇಲೆ ತೀರ್ಮಾನವಾಗುತ್ತವೆ. ಮತ್ತು ಈ ಪ್ರಶ್ನೆಗಳ ಭಾರವನ್ನು ಹೊತ್ತವರು ಆ ಮೇಜಿನ ಸುತ್ತ ಇರುವುದಿಲ್ಲ. ಕೆರೆಯ ತೂಬನ್ನು ಒಡೆದ ಎರಡು ಪಕ್ಷದವರನ್ನೇ ಜಗಲಿಯ ಮೇಲೆ ಕೂರಿಸಿ ನೀರಿನ ಸರದಿಯನ್ನು ಗೊತ್ತುಮಾಡಿ, ಆ ನೀರಿನಲ್ಲಿ ನಾಟಿ ಮಾಡಬೇಕಾದವರನ್ನು ಬೀದಿಯಲ್ಲಿ ನಿಲ್ಲಿಸಿದಂತಹ ಪಂಚಾಯಿತಿಯಿದು.

ಹೀಗೆ ಬಾಗಿಲಲ್ಲಿ ನಿಂತವರ ಕಥೆ ಹಳೆಯದು. 1915ರಲ್ಲಿ, ಪ್ರಥಮ ಮಹಾಯುದ್ಧವು ತೊಡಗಿ ಎಂಟೊಂಬತ್ತು ತಿಂಗಳಾಗಿದ್ದಾಗ, ಹಾಲೆಂಡಿನ ಹೇಗ್ ನಗರದಲ್ಲಿ ಏಪ್ರಿಲ್ 28ರಿಂದ ಮೇ 1ರವರೆಗೆ ಅಂತರರಾಷ್ಟ್ರೀಯ ಮಹಿಳಾ ಮಹಾಸಭೆಯೊಂದು ಸೇರಿತು. ಅದಕ್ಕೆ ಆಹ್ವಾನ ಹೊರಡಿಸಿದವರಲ್ಲಿ ಮುಖ್ಯರಾದವರು ಹಾಲೆಂಡಿನ ಮೊದಲ ಮಹಿಳಾ ವೈದ್ಯೆಯಾದ ಅಲೆಟಾ ಯಾಕೋಬ್ಸ್. ಅಧ್ಯಕ್ಷತೆ ವಹಿಸಿದವರು ಅಮೆರಿಕದ ಷಿಕಾಗೋ ನಗರದಲ್ಲಿ ಬಡವರ ಸೇವೆಗೆ ತಮ್ಮ ಬಾಳನ್ನು ಮುಡಿಪಾಗಿಟ್ಟಿದ್ದ ಜೇನ್ ಆಡಮ್ಸ್. ಅಮೆರಿಕದ ಪ್ರತಿನಿಧಿಗಳ ಹಡಗನ್ನು ಇಂಗ್ಲಿಷ್ ಅಧಿಕಾರಿಗಳು ಡೋವರ್ ಬಳಿ ದಿನಗಟ್ಟಲೆ ತಡೆದು ನಿಲ್ಲಿಸಿದರು. ಬ್ರಿಟನ್ನಿನಿಂದ ಹೊರಡಲು ಸಿದ್ಧರಾಗಿದ್ದ 180 ಮಂದಿ ಮಹಿಳೆಯರು ಸಮುದ್ರಸಂಚಾರವೇ ನಿಂತುಹೋದ ಕಾರಣ ಬರಲಾರದೆ ಹೋಗಿ, ಬೇರೆ ಮಾರ್ಗಗಳಿಂದ ಮೂವರು ಮಾತ್ರ ತಲುಪಿದರು. ಫ್ರಾನ್ಸಿನ ಮಹಿಳಾ ಸಂಘಗಳು, ಶತ್ರುವು ತಮ್ಮ ನೆಲದ ಮೇಲಿರುವಾಗ ಶಾಂತಿಯ ಮಾತು ಸಲ್ಲದೆಂದು ಬರಲೊಪ್ಪಲಿಲ್ಲ. ಇಷ್ಟೆಲ್ಲ ಅಡ್ಡಿಗಳ ನಡುವೆ ಹನ್ನೆರಡು ದೇಶಗಳ ಸಾವಿರಕ್ಕೂ ಮೀರಿದ ಹೆಂಗಸರು ಅಲ್ಲಿ ಕೂಡಿದರು. ಆಕ್ರಮಣಕ್ಕೆ ಒಳಗಾಗಿದ್ದ ಬೆಲ್ಜಿಯಂ ದೇಶದ ಮಹಿಳೆಯರೂ, ಆಕ್ರಮಿಸಿದ ಜರ್ಮನಿಯ ಮಹಿಳೆಯರೂ ಒಂದೇ ಸಭೆಯಲ್ಲಿ ಕುಳಿತರು. ಯುದ್ಧಕ್ಕೆ ಯಾರು ಕಾರಣರೆಂಬ ಚರ್ಚೆ ಬೇಡ, ರಾಷ್ಟ್ರಗಳ ವ್ಯಾಜ್ಯವು ಶಾಂತಿಮಾರ್ಗದಿಂದ ತೀರಬೇಕು, ಸ್ತ್ರೀಯರಿಗೆ ಮತಾಧಿಕಾರ ಬರಬೇಕು, ಇವು ಆ ಸಭೆಗೆ ಬರುವವರು ಒಪ್ಪಬೇಕಾಗಿದ್ದ ನಿಬಂಧನೆಗಳು. ಮತಾಧಿಕಾರವನ್ನೂ ಶಾಂತಿಯನ್ನೂ ಹೀಗೆ ಒಂದೇ ಸೂತ್ರದಲ್ಲಿ ಕೋದುದು ಆ ಸಭೆಯ ಮಹತ್ತಾದ ಕಾಣಿಕೆ. ರಾಜ್ಯದ ಮಂತ್ರಾಲೋಚನೆಯಲ್ಲಿ ಪಾಲಿಲ್ಲದವರಿಗೆ ಯುದ್ಧದ ವಿಷಯದಲ್ಲಿ ಶೋಕಿಸುವ ಹಕ್ಕು ಮಾತ್ರ ಉಳಿಯುತ್ತದೆಂಬುದನ್ನು ಅವರು ಕಂಡುಕೊಂಡಿದ್ದರು.

ಇಪ್ಪತ್ತು ನಿರ್ಣಯಗಳನ್ನು ಸ್ವೀಕರಿಸಿ ಅವರು ಮನೆಗೆ ಹೋಗಿಬಿಡಲಿಲ್ಲ. ಅವರಿಂದ ನಿಯುಕ್ತವಾದ ನಿಯೋಗಗಳು ಯುದ್ಧದಲ್ಲಿ ತೊಡಗಿದ್ದ ಮತ್ತು ತಟಸ್ಥವಾಗಿದ್ದ ರಾಷ್ಟ್ರಗಳ ರಾಜಧಾನಿಗಳಿಗೆ ಒಂದಾದಮೇಲೊಂದರಂತೆ ಹೋಗಿ, ಪ್ರಧಾನಿಗಳನ್ನೂ ವಿದೇಶಾಂಗ ಸಚಿವರನ್ನೂ ಕಂಡು, ತಟಸ್ಥ ರಾಷ್ಟ್ರಗಳು ಎಡೆಬಿಡದೆ ಮಧ್ಯಸ್ಥಿಕೆ ನಡೆಸಬೇಕೆಂಬ ತಮ್ಮ ಯೋಜನೆಯನ್ನು ಮುಂದಿಟ್ಟವು. ಎಲ್ಲೆಡೆಯೂ ಮರ್ಯಾದೆಯಿಂದ ಬರಮಾಡಿಕೊಂಡರು. ಎಲ್ಲಿಯೂ ಯಾರೂ ಮೊದಲ ಹೆಜ್ಜೆ ಇಡಲಿಲ್ಲ. ಯುದ್ಧವು ಇನ್ನೂ ಮೂರು ವರ್ಷಗಳಿಗೆ ಮೇಲ್ಪಟ್ಟು ನಡೆಯಿತು. 1919ರಲ್ಲಿ ವಿಜಯಿಗಳು ವರ್ಸೇಲ್ಸಿನಲ್ಲಿ ಷರತ್ತುಗಳನ್ನು ಬರೆಯುತ್ತಿದ್ದಾಗ, ಈ ಮಹಿಳೆಯರು ಜ್ಯೂರಿಕ್ ನಗರದಲ್ಲಿ ಮತ್ತೆ ಸೇರಿ, ಅಂಥ ಷರತ್ತುಗಳು ಮುಂದಿನ ಯುದ್ಧದ ಬೀಜಗಳೆಂದು ಸ್ಪಷ್ಟವಾಗಿ ಖಂಡಿಸಿ, ಶಾಂತಿ ಮತ್ತು ಸ್ವಾತಂತ್ರ್ಯಕ್ಕಾಗಿ ಮಹಿಳೆಯರ ಅಂತರರಾಷ್ಟ್ರೀಯ ಸಂಘವೆಂಬ ಹೆಸರಿನಿಂದ ತಮ್ಮ ಸಂಸ್ಥೆಯನ್ನು ಸ್ಥಿರಪಡಿಸಿದರು. ಇಪ್ಪತ್ತು ವರ್ಷಗಳಲ್ಲಿ ಆ ಬೀಜಗಳು ಫಲಿಸಿದುವೆಂಬುದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಆಡಮ್ಸ್ ಅವರಿಗೆ 1931ರಲ್ಲಿಯೂ, ಅವರ ಸಹೋದ್ಯೋಗಿ ಎಮಿಲಿ ಬಾಲ್ಚ್ ಅವರಿಗೆ 1946ರಲ್ಲಿಯೂ ನೊಬೆಲ್ ಶಾಂತಿಪುರಸ್ಕಾರ ಬಂದಿತು. ಪುರಸ್ಕಾರ ಬಂದಿತೇ ಹೊರತು, ಸಂಧಾನದ ಮೇಜಿನ ಬಳಿ ಪೀಠ ಬರಲಿಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. ಸ್ತ್ರೀಯು ಸ್ವಭಾವತಃ ಶಾಂತಿಪ್ರಿಯಳು, ಪುರುಷನು ಸ್ವಭಾವತಃ ಕಲಹಪ್ರಿಯನು, ಆದ್ದರಿಂದ ಸ್ತ್ರೀಯನ್ನು ಕರೆದರೆ ಶಾಂತಿ ತಾನಾಗಿಯೇ ಬರುವುದೆಂದು ವಾದಿಸುವವರುಂಟು. ಅವರ ಮಾತನ್ನು ಹಿಡಿದು, ಯುದ್ಧ ನಡೆಸಿದ ರಾಣಿಯರ ಮತ್ತು ಪ್ರಧಾನಿಯರ ಹೆಸರುಗಳನ್ನೆತ್ತಿ ಇಡೀ ವಾದವನ್ನೇ ತಳ್ಳಿಹಾಕುವವರೂ ಉಂಟು. ಬ್ರಿಟನ್ನಿನಲ್ಲಿ ಸ್ತ್ರೀಮತಾಧಿಕಾರಕ್ಕಾಗಿ ಸೆರೆಮನೆ ಸೇರಿದ ಎಮಲೀನ್ ಪ್ಯಾಂಕ್‌ಹರ್ಸ್ಟ್ ಅವರೇ 1915ರಲ್ಲಿ ಯುದ್ಧವನ್ನು ಬೆಂಬಲಿಸಿ, ಹೇಗ್ ಸಭೆಯನ್ನು ವಿರೋಧಿಸಿದರು. ಆದುದರಿಂದ ಸ್ವಭಾವದ ವಾದವನ್ನು ನಾವು ಆಶ್ರಯಿಸುವುದು ಬೇಡ. ವಾದವು ಎರಡು ಗಟ್ಟಿಯಾದ ನೆಲೆಗಳ ಮೇಲೆ ನಿಂತಿದೆ. ಒಡಂಬಡಿಕೆಯ ಕೆಳಗೆ ಬಾಳಬೇಕಾದವರಲ್ಲಿ ಅರ್ಧದಷ್ಟು ಜನ ಸ್ತ್ರೀಯರಾದುದರಿಂದ ಅದನ್ನು ಬರೆಯುವುದರಲ್ಲಿ ಪಾಲು ಪಡೆಯುವುದು ಅವರ ಹಕ್ಕು. ಯುದ್ಧವು ಅವರನ್ನು ಬೇರೆಯ ಬಗೆಯಲ್ಲಿ, ಬೇರೆಯ ಬಾಗಿಲಿನಿಂದ ಬಂದು ಮುಟ್ಟುವುದರಿಂದ, ಅದನ್ನು ಮುಗಿಸುವುದಕ್ಕೆ ಬೇಕಾದ ತಿಳಿವಳಿಕೆಯಲ್ಲಿ ಒಂದು ಭಾಗ ಅವರಲ್ಲಿ ಮಾತ್ರ ಇರುತ್ತದೆ. ಹಕ್ಕಿಗೆ ಗುಣಪರೀಕ್ಷೆಯ ಅಗತ್ಯವಿಲ್ಲ. ಮೇಜಿನ ಬಳಿ ಕುಳಿತ ಪುರುಷರನ್ನು ನೀವು ಶಾಂತಸ್ವಭಾವದವರೋ ಎಂದು ಇದುವರೆಗೆ ಯಾರೂ ಕೇಳಿದ್ದಿಲ್ಲ.

1945ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ವಿಶ್ವಸಂಸ್ಥೆಯ ಸನ್ನದು ಸಿದ್ಧವಾದಾಗ, ನೆರೆದಿದ್ದ ಎಂಟುನೂರೈವತ್ತರಷ್ಟು ಪ್ರತಿನಿಧಿಗಳ ನಡುವೆ ಅದಕ್ಕೆ ಸಹಿಮಾಡಿದ ಮಹಿಳೆಯರು ನಾಲ್ವರು. ಅವರಲ್ಲಿ ಬ್ರೆಜಿಲ್ ದೇಶದ ಬರ್ಥಾ ಲುಟ್ಸ್ ಮತ್ತು ಡೊಮಿನಿಕನ್ ಗಣರಾಜ್ಯದ ಮಿನರ್ವಾ ಬರ್ನಾರ್ಡಿನೊ, ಸ್ತ್ರೀಪುರುಷರ ಸಮಾನಹಕ್ಕನ್ನು ಸನ್ನದಿನಲ್ಲಿ ಹೆಸರಿಟ್ಟು ಹೇಳಬೇಕೆಂದು ಹಟಹಿಡಿದವರು. ವಸಾಹತುಗಳಲ್ಲಿ ಬೆಳೆದ ಮಹಿಳೆಯರಿಗೆ ಈ ಹಟವು ಹೊಸದೇನಲ್ಲ. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1929ರಷ್ಟು ಹಿಂದೆಯೇ ಬರ್ಲಿನ್ನಿನ ಅಂತರರಾಷ್ಟ್ರೀಯ ಮಹಿಳಾ ಸಮ್ಮೇಳನಕ್ಕೆ ಹೋಗಿಬಂದಿದ್ದರು. 1953ರಲ್ಲಿ ವಿಜಯಲಕ್ಷ್ಮಿ ಪಂಡಿತರು ವಿಶ್ವಸಂಸ್ಥೆಯ ಮಹಾಸಭೆಗೆ ಅಧ್ಯಕ್ಷರಾದರು. ಆ ಪೀಠವನ್ನೇರಿದ ಮೊದಲ ಮಹಿಳೆ ಅವರು.

ಆದರೆ ಯುದ್ಧ ಮತ್ತು ಶಾಂತಿಯ ನಿಜವಾದ ಅಧಿಕಾರವಿರುವ ಭದ್ರತಾ ಮಂಡಳಿಯು ಈ ವಿಷಯವನ್ನು ತನ್ನದೆಂದು ಒಪ್ಪಿಕೊಳ್ಳಲು ಅರ್ಧಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. 2000ದ ಮಾರ್ಚ್ 8ರಂದು, ಮಂಡಳಿಯ ಆ ತಿಂಗಳ ಅಧ್ಯಕ್ಷರಾಗಿದ್ದ ಬಾಂಗ್ಲಾದೇಶದ ಅನ್ವರುಲ್ ಕರೀಂ ಚೌಧುರಿಯವರು, ಶಾಂತಿಗೂ ಸ್ತ್ರೀಪುರುಷ ಸಮಾನತೆಗೂ ಬಿಡಿಸಲಾಗದ ನಂಟಿದೆಯೆಂಬ ಹೇಳಿಕೆಯನ್ನು ಮಂಡಳಿಯ ಪರವಾಗಿ ಹೊರಡಿಸಿದರು. ಅಕ್ಟೋಬರಿನಲ್ಲಿ ಅಧ್ಯಕ್ಷತೆಯು ನಮೀಬಿಯಕ್ಕೆ ಬಂದಾಗ, ಸಿಯೆರಾ ಲಿಯೋನ್, ಗ್ವಾಟೆಮಾಲ, ಸೊಮಾಲಿಯ ಮೊದಲಾದ ದೇಶಗಳ ಮಹಿಳೆಯರು ಮಂಡಳಿಯ ಸದಸ್ಯರೆದುರು ತಮ್ಮ ಅನುಭವವನ್ನು ಹೇಳಿದರು. ಆ ತಿಂಗಳ 31ರಂದು 1325ನೆಯ ನಿರ್ಣಯವು ಸರ್ವಾನುಮತದಿಂದ ಅಂಗೀಕಾರವಾಯಿತು. ಯುದ್ಧದ ಬಿಸಿಯನ್ನೋ ವಸಾಹತುಶಾಹಿಯ ಭಾರವನ್ನೋ ಸ್ವತಃ ಉಂಡ ಬಡ ರಾಷ್ಟ್ರಗಳೇ ಇದನ್ನು ಮುಂದಕ್ಕೆ ತಳ್ಳಿದುವೆಂಬುದು ಗಮನಿಸತಕ್ಕ ಸಂಗತಿ. ಸ್ತ್ರೀಯರ ಹಕ್ಕು ಪಶ್ಚಿಮದ ಶ್ರೀಮಂತ ದೇಶಗಳು ನಮ್ಮ ಮೇಲೆ ಹೇರಿದ ಹೊರೆಯೆಂದು ಹೇಳುವವರು ಈ ಇತಿಹಾಸವನ್ನು ಓದಬೇಕು. ಘರ್ಷಣೆಯನ್ನು ತಡೆಯುವ ಮತ್ತು ಬಗೆಹರಿಸುವ ಎಲ್ಲ ಹಂತಗಳ ತೀರ್ಮಾನಗಳಲ್ಲಿ ಮಹಿಳೆಯರ ಪ್ರಾತಿನಿಧ್ಯ ಹೆಚ್ಚಬೇಕೆಂದೂ, ಯುದ್ಧಕಾಲದ ಲೈಂಗಿಕ ಹಿಂಸೆಗೆ ಸಾಧ್ಯವಾದಷ್ಟೂ ಕ್ಷಮಾದಾನ ಸಲ್ಲದೆಂದೂ, ಶಾಂತಿಪಾಲನೆಯಲ್ಲಿ ಮಹಿಳೆಯರಿಗೆ ಸ್ಥಾನವಿರಬೇಕೆಂದೂ ಅದು ಸಾರಿತು. ಮುಂದಿನ ಎರಡು ದಶಕಗಳಲ್ಲಿ ಅದನ್ನು ಅನುಸರಿಸಿ ಇನ್ನೂ ಒಂಬತ್ತು ನಿರ್ಣಯಗಳು ಬಂದವು.

ನಿರ್ಣಯಗಳು ಬಂದವು, ರೂಢಿ ಬದಲಾಯಿತೇ? ವಿಶ್ವಸಂಸ್ಥೆಯ ಮಹಿಳಾ ವಿಭಾಗವು ಉಲ್ಲೇಖಿಸುವ ಲೆಕ್ಕದಂತೆ, 1992ರಿಂದ 2019ರವರೆಗೆ ನಡೆದ ಪ್ರಮುಖ ಶಾಂತಿಸಂಧಾನಗಳಲ್ಲಿ ಸಂಧಾನಕಾರರ ಪೈಕಿ ಮಹಿಳೆಯರು ಸರಾಸರಿ ಶೇಕಡ 13, ಮಧ್ಯಸ್ಥರ ಪೈಕಿ ಶೇಕಡ 6, ಸಹಿ ಹಾಕಿದವರ ಪೈಕಿ ಶೇಕಡ 6. ಭದ್ರತಾ ಮಂಡಳಿಯು ಸರ್ವಾನುಮತದಿಂದ ಹೇಳಿದ ಮಾತಿಗೆ ಸಂದ ಗೌರವ ಇಷ್ಟು. ಕಾರಣವನ್ನು ಹುಡುಕುತ್ತ ದೂರ ಹೋಗಬೇಕಾಗಿಲ್ಲ: ನಿರ್ಣಯವು ಒತ್ತಾಯಿಸುತ್ತದೆ, ಕರೆಕೊಡುತ್ತದೆ, ಪ್ರೋತ್ಸಾಹಿಸುತ್ತದೆ, ಕೇಳದವರಿಗೆ ಏನಾಗುವುದೆಂದು ಹೇಳುವುದಿಲ್ಲ. ಬಾಗಿಲು ತೆಗೆಯುವ ಕೀಲಿಕೈ ಆಹ್ವಾನ ಕಳುಹಿಸುವವನ ಕೈಯಲ್ಲಿಯೇ ಉಳಿದಿದೆ.

ಆಹ್ವಾನದ ನಿಯಮವು ಸ್ವಲ್ಪ ಬದಲಾದರೂ ಏನಾಗಬಲ್ಲುದೆಂಬುದಕ್ಕೆ ಉತ್ತರ ಐರ್ಲೆಂಡಿನ ನಿದರ್ಶನವು ಅತ್ಯಂತ ಬೋಧಪ್ರದವಾದುದು. ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಸಮುದಾಯಗಳ ನಡುವೆ ಮೂವತ್ತು ವರ್ಷ ನಡೆದು, ಮೂರು ಸಾವಿರದ ಐನೂರಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡ ಹಿಂಸೆಯನ್ನು ಮುಗಿಸಲು 1996ರಲ್ಲಿ ಸಂಧಾನವನ್ನು ಏರ್ಪಡಿಸಿದಾಗ, ಪ್ರತಿನಿಧಿಗಳನ್ನು ಚುನಾವಣೆಯಿಂದ ಆರಿಸುವುದೆಂದು ಗೊತ್ತಾಯಿತು. ಸಣ್ಣ ಗುಂಪುಗಳನ್ನೂ ಒಳಗೆ ತರುವ ಉದ್ದೇಶದಿಂದ, ಒಟ್ಟು ಮತಗಳಲ್ಲಿ ಮೊದಲ ಹತ್ತು ಸ್ಥಾನ ಪಡೆದ ಪಕ್ಷಗಳಿಗೆ ತಲಾ ಎರಡು ಪೀಠಗಳನ್ನು ಕೊಡುವುದೆಂಬ ನಿಯಮವೂ ಅದರಲ್ಲಿ ಸೇರಿತು. ಆ ನಿಯಮವನ್ನು ಕಂಡ ಕೆಲವರು ಮಹಿಳೆಯರು, ದೊಡ್ಡ ಪಕ್ಷಗಳು ತಮ್ಮನ್ನು ಅಭ್ಯರ್ಥಿಗಳಾಗಿ ನಿಲ್ಲಿಸುವ ಲಕ್ಷಣ ಕಾಣದೆ, ಕೆಲವೇ ವಾರಗಳಲ್ಲಿ ಉತ್ತರ ಐರ್ಲೆಂಡ್ ಮಹಿಳಾ ಒಕ್ಕೂಟವೆಂಬ ತಮ್ಮದೇ ಪಕ್ಷವನ್ನು ಕಟ್ಟಿದರು. ಬಂದುದು 7,731 ಮತ, ಶೇಕಡ 1ರಷ್ಟು ಮಾತ್ರ. ಆದರೂ ಮೊದಲ ಹತ್ತರಲ್ಲಿ ಅವರು ಬಂದರು. ಕ್ಯಾಥೊಲಿಕ್ ಕುಲದ ಮೋನಿಕಾ ಮೆಕ್‌ವಿಲಿಯಮ್ಸ್ ಮತ್ತು ಪ್ರಾಟೆಸ್ಟೆಂಟ್ ಕುಲದ ಪರ್ಲ್ ಸೇಗರ್ ಮೇಜಿನ ಬಳಿ ಕುಳಿತರು. ಸಭೆಯಲ್ಲಿ ಅವರು ಮಾತಿಗೆದ್ದಾಗ ಕೆಲವು ಗಂಡಸರು ಹಸುವಿನಂತೆ ಕೂಗಿ ಅವಮಾನಿಸಿದರೆಂಬುದು ದಾಖಲೆಯಾದ ಸಂಗತಿ. ಅವರು ಕುಗ್ಗಲಿಲ್ಲ. 1998ರ ಏಪ್ರಿಲ್ 10ರಂದು ಸಿದ್ಧವಾದ ಶುಭ ಶುಕ್ರವಾರದ ಒಡಂಬಡಿಕೆಯಲ್ಲಿ, ಹಿಂಸೆಗೆ ತುತ್ತಾದವರ ಯೋಗಕ್ಷೇಮ, ಎರಡೂ ಸಮುದಾಯದ ಮಕ್ಕಳು ಕೂಡಿ ಓದುವ ಶಾಲೆಗಳು, ಕೂಡಿ ಬಾಳುವ ಬಡಾವಣೆಗಳು, ನಾಗರಿಕರ ಸಲಹಾಸಭೆ ಮುಂತಾದ ಅಂಶಗಳು ಸೇರಿದುದು ಅವರ ಪ್ರಯತ್ನದಿಂದ. ಗಡಿ, ಸೈನ್ಯ, ಸಾರ್ವಭೌಮತ್ವಗಳ ಚರ್ಚೆಯಲ್ಲಿ ಮುಳುಗಿದ್ದವರಿಗೆ ಈ ವಿಷಯಗಳು ನೆನಪಾಗುವಂತಿರಲಿಲ್ಲ. ಲೈಬೀರಿಯದ ಹೆಂಗಸರಿಗೂ ಇವರಿಗೂ ಧೈರ್ಯದಲ್ಲಿ ವ್ಯತ್ಯಾಸವಿದ್ದುದಿಲ್ಲ. ಒಂದೆಡೆ ನಿಯಮವು ಎರಡು ಪೀಠಗಳನ್ನು ತೆರೆದಿಟ್ಟಿತ್ತು, ಇನ್ನೊಂದೆಡೆ ತೆರೆದಿಡಲಿಲ್ಲ.

ಕೊಲಂಬಿಯದಲ್ಲಿ ಸರ್ಕಾರಕ್ಕೂ ಫಾರ್ಕ್ ಬಂಡುಕೋರರಿಗೂ 2012ರಲ್ಲಿ ಮಾತುಕತೆ ಆರಂಭವಾದಾಗಲೂ ಹೀಗೆಯೇ ಆಯಿತು. ಸರ್ಕಾರದ ಪೂರ್ಣಾಧಿಕಾರದ ಸಂಧಾನಕಾರರಲ್ಲಿ ಮೊದಲಿಗೆ ಹೆಣ್ಣುಮಕ್ಕಳಿರಲಿಲ್ಲ. 2013ರ ಅಕ್ಟೋಬರಿನಲ್ಲಿ ದೇಶದ ಮಹಿಳಾ ಸಂಘಟನೆಗಳು ಬೊಗೊಟಾದಲ್ಲಿ ಮಹಾಸಮಾವೇಶ ನಡೆಸಿ ಒತ್ತಾಯಿಸಿದ ಮೇಲೆ ಇಬ್ಬರು ನೇಮಕವಾದರು. ಮಾರನೆಯ ವರ್ಷ ಒಡಂಬಡಿಕೆಯ ಪ್ರತಿಯೊಂದು ಭಾಗವನ್ನೂ ಸ್ತ್ರೀಯರ ದೃಷ್ಟಿಯಿಂದ ಪರಿಶೀಲಿಸುವ ಉಪಸಮಿತಿ ರಚಿತವಾಯಿತು. 2016ರ ಒಡಂಬಡಿಕೆಯು ಲೈಂಗಿಕ ಹಿಂಸೆಯ ಅಪರಾಧಗಳಿಗೆ ಕ್ಷಮಾದಾನವಿಲ್ಲವೆಂದು ಬರೆದಿಟ್ಟಿತು.

ಭಾರತವು ಈ ಕ್ಷೇತ್ರದಲ್ಲಿ ಬೇರೊಂದು ಬಗೆಯಿಂದ ಹೆಸರು ಗಳಿಸಿದೆ. ವಿಶ್ವಸಂಸ್ಥೆಯ ಶಾಂತಿಪಾಲನೆಯೆಂದರೆ ಕನ್ನಡಿಗರಿಗೆ ಮೊದಲು ನೆನಪಾಗುವವರು ಕೊಡಗಿನ ಜನರಲ್ ತಿಮ್ಮಯ್ಯನವರು. ಕೊರಿಯದ ಯುದ್ಧಕೈದಿಗಳ ಆಯೋಗಕ್ಕೆ 1953ರಲ್ಲಿ ಅಧ್ಯಕ್ಷರಾಗಿದ್ದು, ಸೈಪ್ರಸ್ಸಿನ ಶಾಂತಿಪಡೆಯನ್ನು ನಡೆಸುತ್ತಿರುವಾಗಲೇ 1965ರಲ್ಲಿ ಅಲ್ಲಿಯೇ ಕಾಲವಶರಾದ ಮಹನೀಯರವರು. ಅದೇ ಪರಂಪರೆಯಲ್ಲಿ, 2007ರ ಜನವರಿಯಲ್ಲಿ ಕೇಂದ್ರ ಮೀಸಲು ಪೊಲೀಸು ಪಡೆಯ ನೂರಕ್ಕೂ ಹೆಚ್ಚು ಮಹಿಳೆಯರ ತುಕಡಿಯೊಂದು ಮನ್ರೋವಿಯಕ್ಕೆ ಹೋಗಿಳಿಯಿತು. ಮಹಿಳೆಯರಿಂದಲೇ ಕೂಡಿದ ಇಂಥ ಪೊಲೀಸು ತುಕಡಿ ವಿಶ್ವಸಂಸ್ಥೆಯ ಇತಿಹಾಸದಲ್ಲಿಯೇ ಮೊದಲನೆಯದು. ವರ್ಷಕ್ಕೊಂದು ತಂಡದಂತೆ 2016ರವರೆಗೆ ಅವರು ಅಲ್ಲಿದ್ದು, ಅಧ್ಯಕ್ಷೆ ಎಲೆನ್ ಜಾನ್ಸನ್ ಸರ್ಲೀಫ್ ಅವರ ಕಾರ್ಯಾಲಯಕ್ಕೆ ಕಾವಲು ನಿಂತರು, ರಾತ್ರಿಯ ಗಸ್ತು ತಿರುಗಿದರು, ಶಾಲೆಯ ಹುಡುಗಿಯರಿಗೆ ಆತ್ಮರಕ್ಷಣೆಯನ್ನು ಕಲಿಸಿದರು. ಮೀನುಮಾರುಕಟ್ಟೆಯ ಬಯಲಿನಲ್ಲಿ ಕುಳಿತಿದ್ದ ಅದೇ ಮಹಿಳಾ ಬಳಗವು ಊರೂರು ತಿರುಗಿ ಹೆಂಗಸರ ಹೆಸರುಗಳನ್ನು ಮತದಾರರ ಪಟ್ಟಿಗೆ ಸೇರಿಸಿದುದರ ಬಲವೂ ಕೂಡಿ, ಸರ್ಲೀಫ್ ಅವರು 2005ರ ಚುನಾವಣೆಯಲ್ಲಿ ಗೆದ್ದು ಆಫ್ರಿಕ ಖಂಡದ ಮೊದಲ ಚುನಾಯಿತ ಮಹಿಳಾ ರಾಷ್ಟ್ರಾಧ್ಯಕ್ಷೆಯಾಗಿದ್ದರು. ಬಂದೂಕು ಹಿಡಿದ ಗಂಡಸನ್ನು ಕಂಡು ನಡುಗುವ ಊರಿನಲ್ಲಿ, ಸಮವಸ್ತ್ರ ತೊಟ್ಟು ಶಿಸ್ತಿನಿಂದ ನಿಂತ ಈ ಹೆಣ್ಣುಮಕ್ಕಳನ್ನು ಕಂಡು ಲೈಬೀರಿಯದ ಹುಡುಗಿಯರು ಪೊಲೀಸು ಕೆಲಸಕ್ಕೆ ಅರ್ಜಿ ಹಾಕಿದರು. ವಿಶ್ವಸಂಸ್ಥೆಯ ಪ್ರಕಾರ ಆ ದೇಶದ ಭದ್ರತಾ ಸೇವೆಗಳಲ್ಲಿ ಮಹಿಳೆಯರ ಪ್ರಮಾಣವು ಈ ಅವಧಿಯಲ್ಲಿ ಶೇಕಡ 6ರಿಂದ ಶೇಕಡ 17ಕ್ಕೆ ಏರಿತು.

ನಮ್ಮ ನೆರೆಯ ಅಫ್ಘಾನಿಸ್ತಾನದ ವಿಚಾರವನ್ನು ಹೇಳದೆ ಮುಗಿಸಲಾರೆ. 2020ರ ಫೆಬ್ರುವರಿ 29ರಂದು ದೋಹಾದಲ್ಲಿ ಅಮೆರಿಕಕ್ಕೂ ತಾಲಿಬಾನಿಗೂ ಆದ ಒಪ್ಪಂದದ ಮೇಜಿನಲ್ಲಿ ಅಫ್ಘನ್ ಮಹಿಳೆಯರು ಇರಲಿಲ್ಲ. ಆ ದೇಶದ ಸರ್ಕಾರವೇ ಅಲ್ಲಿರಲಿಲ್ಲ. ಸೆಪ್ಟೆಂಬರಿನಲ್ಲಿ ಅಫ್ಘನ್ನರ ನಡುವಣ ಮಾತುಕತೆ ತೊಡಗಿದಾಗ ಸರ್ಕಾರದ ತಂಡದಲ್ಲಿ ನಾಲ್ವರು ಮಹಿಳೆಯರಿದ್ದರು, ತಾಲಿಬಾನಿನ ಕಡೆ ಒಬ್ಬರೂ ಇಲ್ಲ. ಮಾರನೆಯ ವರ್ಷದ ಆಗಸ್ಟಿನಲ್ಲಿ ಕಾಬೂಲ್ ಬಿದ್ದಿತು. ಆರನೆಯ ತರಗತಿಯ ಮೇಲಿನ ಶಾಲೆಗಳೂ, ತರುವಾಯ ವಿಶ್ವವಿದ್ಯಾನಿಲಯಗಳೂ ಹೆಣ್ಣುಮಕ್ಕಳಿಗೆ ಮುಚ್ಚಿದವು. ಇಷ್ಟಾದಮೇಲೆ, 2024ರ ಜೂನ್ ಕಡೆಯಲ್ಲಿ ವಿಶ್ವಸಂಸ್ಥೆಯೇ ದೋಹಾದಲ್ಲಿ ಕರೆದ ಸಭೆಗೆ ತಾಲಿಬಾನಿನವರು ಬಂದರು, ಅಫ್ಘನ್ ಮಹಿಳೆಯರನ್ನು ಆ ಮೇಜಿಗೆ ಕರೆಯಲಿಲ್ಲ; ಸಭೆ ಮುಗಿದ ಬಳಿಕ ವಿಶ್ವಸಂಸ್ಥೆಯವರು ಆ ಮಹಿಳೆಯರೊಡನೆ ಪ್ರತ್ಯೇಕವಾಗಿ ಮಾತನಾಡಿದರು. ಬರಲೊಪ್ಪದವರನ್ನು ಬರಮಾಡಿಕೊಳ್ಳಲು ಬೇರೆ ದಾರಿಯಿರಲಿಲ್ಲವೆಂಬುದು ಕರೆದವರ ಸಮಾಧಾನ. ನಾನಿದನ್ನು ಒಪ್ಪಲಾರೆ. 1325ನೆಯ ನಿರ್ಣಯವನ್ನು ಅಂಗೀಕರಿಸಿದ ಸಂಸ್ಥೆಯು ತಾನೇ ಆತಿಥ್ಯ ವಹಿಸಿರುವ ಸಭೆಯಲ್ಲಿ, ಇಡೀ ಸಮಸ್ಯೆಯ ಕೇಂದ್ರದಲ್ಲಿರುವವರನ್ನು ಹೊರಗಿರಿಸಿದರೆ, ಇತರ ಯಾವ ಸರ್ಕಾರದಿಂದ ಅದು ಆ ನಿರ್ಣಯದ ಪಾಲನೆಯನ್ನು ಕೇಳಬಲ್ಲುದು? ವಿಶ್ವಸಂಸ್ಥೆಯು ಕರೆಯುವ ಯಾವುದೇ ಸಂಧಾನಕ್ಕೆ ಬರುವ ಪ್ರತಿಯೊಂದು ನಿಯೋಗದಲ್ಲಿಯೂ ಪೂರ್ಣಾಧಿಕಾರದ ಮಹಿಳಾ ಪ್ರತಿನಿಧಿಗಳಿರತಕ್ಕದ್ದೆಂದೂ, ಸಶಸ್ತ್ರ ಪಕ್ಷಗಳಲ್ಲದೆ ನಾಗರಿಕ ಮಹಿಳಾ ಸಂಘಟನೆಗಳಿಗೆ ಸ್ವತಂತ್ರವಾದ ಪೀಠಗಳನ್ನು ಮೊದಲೇ ಗೊತ್ತುಮಾಡತಕ್ಕದ್ದೆಂದೂ ಕಟ್ಟುನಿಟ್ಟಾದ ನಿಯಮವೊಂದನ್ನು ವಿಧಿಸುವುದು ಅಸಾಧ್ಯವೇನಲ್ಲ; ಉತ್ತರ ಐರ್ಲೆಂಡಿನಲ್ಲಿ ಎರಡು ಪೀಠಗಳ ಒಂದು ಸಣ್ಣ ನಿಯಮವೇ ಸಾಕಾಯಿತು. ದಶಕಗಳಿಂದ ತನ್ನ ಯೋಧರನ್ನೂ, ಇತ್ತೀಚೆಗೆ ತನ್ನ ಹೆಣ್ಣುಮಕ್ಕಳನ್ನೂ ಪರದೇಶಗಳ ಶಾಂತಿಗಾಗಿ ಕಳುಹಿಸುತ್ತ ಬಂದಿರುವ ಭಾರತಕ್ಕೆ, ಅಂಥ ನಿಯಮ ಬೇಕೆಂದು ವಿಶ್ವಸಂಸ್ಥೆಯಲ್ಲಿ ಎದ್ದುನಿಂತು ಕೇಳುವ ಅಧಿಕಾರ ಇತರ ಅನೇಕ ರಾಷ್ಟ್ರಗಳಿಗಿಂತ ಹೆಚ್ಚಾಗಿಯೇ ಉಂಟು; ಕೇಳುವಂತೆ ತನ್ನ ಸರ್ಕಾರವನ್ನು ಒತ್ತಾಯಿಸುವ ಅಧಿಕಾರ ನಮ್ಮೆಲ್ಲರಿಗೂ ಉಂಟು.